ಓಎಸ್.ಸಿಸ್ಟಮ್‌ಗೆ ದೊಡ್ಡ ನಮಸ್ಕಾರ

ಮೊದಲೇ ಹೇಳಿಬಿಡುತ್ತೇನೆ, ಪೈಥಾನ್‌ನಿಂದ ಲಿನಕ್ಸ್ ಕಮಾಂಡ್ ಓಡಿಸುವ ವಿಚಾರದಲ್ಲಿ ಓಎಸ್.ಸಿಸ್ಟಮ್, ಸಬ್‌ಪ್ರೊಸೆಸ್.ರನ್ ಎಂಬ ಎರಡು ಫಂಕ್ಷನ್‌ಗಳ ನಡುವೆ ನಾನು ಸಬ್‌ಪ್ರೊಸೆಸ್.ರನ್ ಪಕ್ಷ. ಓಎಸ್.ಸಿಸ್ಟಮ್ ಒಂದೇ ಸಾಲಿನಲ್ಲಿ ಕೆಲಸ ಮುಗಿಸುತ್ತದೆ, ನಿಜ. ಆ ಒಂದು ಸಾಲೇ ನಮ್ಮ ಮನೆಯ ಫೋಟೋ ಬ್ಯಾಕಪ್ ನುಂಗಿದ್ದು.

ಪ್ರತಿ ರಾತ್ರಿ ಕ್ರಾನ್‌ನಲ್ಲಿ (ನಿಗದಿತ ಹೊತ್ತಿಗೆ ಕಮಾಂಡ್ ಓಡಿಸುವ ಲಿನಕ್ಸ್ ಸೌಲಭ್ಯ) ಒಂದು ಸ್ಕ್ರಿಪ್ಟ್ ಓಡುತ್ತಿತ್ತು. ಅದು ಓಎಸ್.ಸಿಸ್ಟಮ್ ಮೂಲಕ ಫೈಲ್‌ಗಳನ್ನು ಒಂದೇ ಕಟ್ಟು ಮಾಡುವ ಟಾರ್ ಕಮಾಂಡ್ ಕರೆದು, ಬಂದ ಸಂಖ್ಯೆಯನ್ನು ಹಾಗೇ ಸ್ಕ್ರಿಪ್ಟ್ ಮುಗಿಸುವ ಸಿಸ್.ಎಕ್ಸಿಟ್‌ಗೆ ದಾಟಿಸುತ್ತಿತ್ತು. ಸ್ಕ್ರಿಪ್ಟ್ ಸರಿಯಾಗಿ ಮುಗಿದರೆ ಮಾತ್ರ ಹಳೇ ಬ್ಯಾಕಪ್ ಅಳಿಸಲಿ ಅಂತ ಕ್ರಾನ್ ಸಾಲಿನಲ್ಲಿ ಎರಡು ಆಂಪರ್ಸ್ಯಾಂಡ್ (&&) ಹಾಕಿದ್ದೆ. ಬಹಳ ಜಾಣ ಅಂದುಕೊಂಡಿದ್ದೆ.

ಒಂದು ರಾತ್ರಿ ಡಿಸ್ಕ್ ತುಂಬಿತು. ಟಾರ್ ತನ್ನ ಸೋಲು ಗೆಲುವು ಹೇಳುವ ಸಂಖ್ಯೆಯಾಗಿ, ಅಂದರೆ ಎಕ್ಸಿಟ್ ಕೋಡ್ ಆಗಿ, 2 ಕೊಟ್ಟು ಅರ್ಧಕ್ಕೇ ನಿಂತಿತು. ಆದರೆ ಲಿನಕ್ಸ್‌ನಲ್ಲಿ ಓಎಸ್.ಸಿಸ್ಟಮ್ ಕೈಗೆ ಕೊಡುವುದು ಎಕ್ಸಿಟ್ ಕೋಡನ್ನಲ್ಲ, ಕಮಾಂಡ್ ಹೇಗೆ ಮುಗಿಯಿತೆಂಬ ವಿವರವನ್ನು ಒಟ್ಟಿಗೆ ತುಂಬಿದ ವೇಟ್ ಸ್ಟೇಟಸ್ ಎಂಬ ಸಂಖ್ಯೆಯನ್ನು. ಕೋಡ್ ಅದರ ಮೇಲಿನ ಬೈಟ್‌ನಲ್ಲಿ ಕೂತಿರುತ್ತದೆ. ಹಾಗಾಗಿ 2 ಹೋಗಿ 512 (2 × 256) ಆಯಿತು. ಸ್ಕ್ರಿಪ್ಟ್ ಮುಗಿಯುವಾಗ, ಕಮಾಂಡ್ ಸಾಲನ್ನು ಓದಿ ಓಡಿಸುವ ಶೆಲ್‌ಗೆ ತಲುಪುವುದು ಕೆಳಗಿನ 8 ಬಿಟ್ ಮಾತ್ರ. 512ರಲ್ಲಿ ಅವೆಲ್ಲ ಸೊನ್ನೆ. ಶೆಲ್‌ನ ಲೆಕ್ಕದಲ್ಲಿ ಸೊನ್ನೆ ಎಂದರೆ ಎಲ್ಲ ಸುಸೂತ್ರ. ಹಳೇದು ಅಳಿಸಿಹೋಯಿತು, ಹೊಸದು ಅರ್ಧ. ಪೈಥಾನ್ 3.9ರಿಂದ ಇದನ್ನು ಸರಿಪಡಿಸಲು ಓಎಸ್.ವೇಟ್‌ಸ್ಟೇಟಸ್_ಟು_ಎಕ್ಸಿಟ್‌ಕೋಡ್ ಇದೆ. ಅಷ್ಟುದ್ದ ಟೈಪ್ ಮಾಡುವುದರೊಳಗೆ ಕಾಫಿ ಆರಿರುತ್ತದೆ.

ಸಬ್‌ಪ್ರೊಸೆಸ್.ರನ್‌ನಲ್ಲಿ ರಿಟರ್ನ್‌ಕೋಡ್ 2 ಅಂದರೆ 2. ಚೆಕ್=ಟ್ರೂ ಕೊಟ್ಟರೆ ತಪ್ಪಾದ ತಕ್ಷಣ ಎಕ್ಸೆಪ್ಶನ್ (ದೋಷದ ಸೂಚನೆ) ಎಸೆದು ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ. ಕಮಾಂಡನ್ನು ಲಿಸ್ಟ್ ಆಗಿ ಕೊಡುವುದರಿಂದ 'ಅಕ್ಕನ ಮದುವೆ 2' ಥರದ, ನಡುವೆ ಜಾಗ ಇರುವ ಫೋಲ್ಡರ್ ಹೆಸರೂ ತುಂಡಾಗುವುದಿಲ್ಲ.

ಕಿರಿಕಿರಿ ಇಲ್ಲವೆಂದಲ್ಲ. ನಡುವೆ ಶೆಲ್ ಇರುವುದಿಲ್ಲವಾದ್ದರಿಂದ ನಕ್ಷತ್ರ ಚಿಹ್ನೆ (*) ಹಾಕಿದರೆ ಅದನ್ನು ಯಾರೂ ಫೈಲ್ ಹೆಸರುಗಳಾಗಿ ಬಿಡಿಸಿ ಕೊಡುವುದಿಲ್ಲ, ಪೈಥಾನ್‌ನ ಗ್ಲಾಬ್ ಬಳಸಬೇಕು. ಶೆಲ್=ಟ್ರೂ ಹಾಕಬಹುದು, ಆದರೆ ಬೇರೆಯವರು ಇಟ್ಟ ಫೈಲ್ ಹೆಸರು ಒಳಗೆ ಬರುವಲ್ಲಿ ನಾನು ಹಾಕುವುದಿಲ್ಲ; ಆ ಹೆಸರನ್ನೂ ಶೆಲ್ ಕಮಾಂಡ್ ಎಂದು ಓಡಿಸಿಬಿಡಬಹುದು.

ಇನ್ನೆರಡು ದಾರಿಗಳೂ ಇವೆ. ಓಎಸ್.ಪೋಪನ್: ಔಟ್‌ಪುಟ್ ಸಲೀಸಾಗಿ ಸಿಗುತ್ತದೆ, ಸೋಲು ಗೆಲುವು ತಿಳಿಯಲು ಕ್ಲೋಸ್ ಮಾಡುವವರೆಗೂ ಕಾಯಬೇಕು.

ಸಬ್‌ಪ್ರೊಸೆಸ್.ಪೋಪನ್: ಕಮಾಂಡ್‌ನ ಔಟ್‌ಪುಟ್ ಹರಿದುಬರುವ ಪೈಪ್ ಹಾಕಿ, ಅದನ್ನು ಓದದೆ ಕಮಾಂಡ್ ಮುಗಿಯಲೆಂದು ವೇಟ್ ಮಾಡಿದರೆ, ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 64 ಕೆಬಿ ತುಂಬಿದ ಮೇಲೆ ಎರಡೂ ಕಡೆಯವರು ಒಬ್ಬರಿಗೊಬ್ಬರು ಕಾಯುತ್ತ ಕೂರುತ್ತಾರೆ. ನನ್ನ ಕೆಲಸಕ್ಕೆ ಇಷ್ಟು ಬೇಡ.

ಲಾಗ್ ತೆರೆದು ನೋಡುವ ಅಭ್ಯಾಸ ನನಗಿಲ್ಲ, ಎರಡನೇ ಹಾರ್ಡ್ ಡಿಸ್ಕ್ ಈ ವರ್ಷದ ಬಜೆಟ್‌ನಲ್ಲಿಲ್ಲ. ಹಾಗಾಗಿ ಕೆಟ್ಟಾಗ ಕೂಗಿ ಹೇಳುವುದೇ ಬೇಕು. ಓಎಸ್.ಸಿಸ್ಟಮ್ ಈಗ ಒಂದೇ ಕಡೆ ಉಳಿದಿದೆ, ಪರದೆ ಒರೆಸುವ 'ಕ್ಲಿಯರ್' ಕಮಾಂಡ್‌ಗೆ.