ರಾಪ್ಲರ್: ಫಿಲಿಪೀನ್ಸ್ ಸುದ್ದಿಗೆ ನಾನು ನಂಬೋ ಸೈಟ್

ಫಿಲಿಪೀನ್ಸ್ ಬಗ್ಗೆ ಆಸಕ್ತಿ ಇರೋರು ರಾಪ್ಲರ್ ಓದ್ಲೇಬೇಕು. ಡುಟೆರ್ಟೆ ಅಲ್ಲಿನ ಅಧ್ಯಕ್ಷರಾಗಿದ್ದ ಕಾಲದಲ್ಲಿ ಡ್ರಗ್ಸ್ ವಿರುದ್ಧ ಯುದ್ಧ ಅಂತ ಬಡವರ ಓಣಿಗಳಲ್ಲಿ ಹೆಣ ಬೀಳ್ತಿದ್ದಾಗ ಇವ್ರು ಹೆದರದೆ ಬರೆದ್ರು, ಆಮೇಲೆ ನೋಡಿ ಕೇಸಿನ ಮೇಲೆ ಕೇಸು, 2018ರಲ್ಲಿ ಲೈಸೆನ್ಸ್ ರದ್ದು ಮಾಡೋ ಆರ್ಡರ್ ಬೇರೆ. ಸೈಬರ್ ಮಾನಹಾನಿ ಕೇಸಂತೂ ಹೊಟ್ಟೆ ಉರಿಸುತ್ತೆ, 2012ರ ಮೇನಲ್ಲಿ ಆ ಕೇಸಿಗೆ ಕಾರಣವಾದ ಲೇಖನ ಬಂದಾಗ ಆ ಕಾನೂನೇ ಇರ್ಲಿಲ್ಲ, 2014ರಲ್ಲಿ ಒಂದು ಸ್ಪೆಲಿಂಗ್ ತಿದ್ದಿದ್ದನ್ನೇ ಮತ್ತೆ ಪಬ್ಲಿಷ್ ಮಾಡಿದ್ದು ಅಂತ ಲೆಕ್ಕ ಹಾಕಿ 2020ರಲ್ಲಿ ಕೋರ್ಟಲ್ಲಿ ರಾಪ್ಲರ್ ಮುಖ್ಯಸ್ಥೆ ಮರಿಯಾ ರೆಸ್ಸಾ ಮತ್ತೆ ಆ ಲೇಖನ ಬರೆದ ವರದಿಗಾರ ಇಬ್ರೂ ತಪ್ಪಿತಸ್ಥರು ಅಂದ್ಬಿಟ್ರು! ಮಾರನೇ ವರ್ಷ ರೆಸ್ಸಾಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಇಷ್ಟೆಲ್ಲಾ ಆದ್ರೂ ಬಾಗಿಲು ಮುಚ್ಚಿಲ್ಲ ಅನ್ನೋದೇ ನಂಗೆ ದೊಡ್ಡದು. ಇಂಗ್ಲಿಷ್ ಸರಳವಾಗಿದೆ, ತನಿಖಾ ವರದಿಗಳು ಗಟ್ಟಿ. ಹೊಸಬ್ರು ಫ್ಯಾಕ್ಟ್ ಚೆಕ್ ವಿಭಾಗದಿಂದ ಶುರು ಮಾಡಿ.