ಶರಾವತಿ ಹಿನ್ನೀರಿಗೆ ಯಾವ ಪ್ರೊಪೆಲ್ಲರ್: 13 ಪಿಚ್ಚೋ, 11 ಪಿಚ್ಚೋ, ನಾಲ್ಕು ರೆಕ್ಕೆಯದೋ?

ಕರಾವಳಿಯಲ್ಲಿ ಚೆನ್ನಾಗಿ ಓಡುತ್ತಿದ್ದ ಬೋಟು ಶರಾವತಿ ಹಿನ್ನೀರಿನ ದಡದ ಹೊಳೆಬಾಗಿಲಿನಲ್ಲಿ ನೀರಿಗಿಳಿದರೆ ಮಂಕಾಗುವುದುಂಟು. ಈ ಹಿನ್ನೀರಿನ ಲಿಂಗನಮಕ್ಕಿ ಜಲಾಶಯದ ಪೂರ್ಣ ಮಟ್ಟವೇ ಸಮುದ್ರಮಟ್ಟದಿಂದ 1819 ಅಡಿ. ಎತ್ತರ ಏರಿದಂತೆ ಸಾವಿರ ಅಡಿಗೆ ಸುಮಾರು ಶೇ. 3ರಷ್ಟು ಎಂಜಿನ್ ಶಕ್ತಿ ಇಳಿಯುತ್ತದೆ, ಅಂದರೆ ಇಲ್ಲಿ ಐದಾರು ಪರ್ಸೆಂಟ್ ಖೋತಾ. ಜೊತೆಗೆ ಆರು ಜನ, ಸಾಮಾನು.

16 ಅಡಿಯ ಫೈಬರ್ ಬೋಟು, 40 ಎಚ್‌ಪಿ ಟೂ-ಸ್ಟ್ರೋಕ್. ಪೂರ್ತಿ ಥ್ರಾಟಲ್‌ಗೆ ಎಂಜಿನ್ 4500ರಿಂದ 5500 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಒಳಗೆ ತಿರುಗಬೇಕು. ಪಿಚ್ ಎಂದರೆ ಒಂದು ಸುತ್ತಿಗೆ ಪ್ರೊಪೆಲ್ಲರ್ ಲೆಕ್ಕದಲ್ಲಿ ಮುಂದೆ ಸಾಗುವ ಇಂಚು.

ಅಲ್ಯೂಮಿನಿಯಂನ ಮೂರು ರೆಕ್ಕೆಯ 13 ಪಿಚ್ ಹಾಕಿದರೆ ತುಂಬಿದ ಬೋಟಿನಲ್ಲಿ ಮುಳ್ಳು 4300 ದಾಟುವುದಿಲ್ಲ. ಮೂತಿ ಎತ್ತಿಕೊಂಡು ನೀರು ಉಳುತ್ತದೆ, ಪ್ಲೇನ್ ಆಗುವುದೇ ಇಲ್ಲ, ಅಂದರೆ ಮೇಲೆದ್ದು ನೀರಿನ ಮೇಲೆ ಜಾರುವುದಿಲ್ಲ. ಹೀಗೆ ದಿನವೂ ಓಡಿಸಿದರೆ ಪ್ಲಗ್ ಮಸಿ ಹಿಡಿಯುತ್ತದೆ, ಪಿಸ್ಟನ್ನಿಗೂ ಒಳ್ಳೆಯದಲ್ಲ. ಇಬ್ಬರೇ ಇದ್ದರೆ ಮಾತ್ರ ಇದು ಜೋರು.

ಅದೇ ಜಾತಿಯ 11 ಪಿಚ್ ಹಾಕಿದಾಗ ತುಂಬಿದ ಬೋಟಿನಲ್ಲೇ 4700. ಪಿಚ್ ಒಂದಿಂಚು ಇಳಿದರೆ 150-200 ಆರ್‌ಪಿಎಂ ಏರುತ್ತದೆಂಬ ಲೆಕ್ಕ ಸರಿಯಾಗಿಯೇ ಕೂತಿತು. ಬೋಟು ಬೇಗ ಮೇಲೇಳುತ್ತದೆ. ಖಾಲಿ ಬೋಟಿನಲ್ಲಿ ವೇಗ ಎರಡು ಮೂರು ಕಿ.ಮೀ. ಕಡಿಮೆ, ಅಷ್ಟೆ.

ಸ್ಟೀಲಿನ ನಾಲ್ಕು ರೆಕ್ಕೆಯ 11 ತಿರುವಿನಲ್ಲಿ ಹಿಡಿತ ಬಿಡದು, ನಿಧಾನಕ್ಕೂ ಪ್ಲೇನ್‌ನಲ್ಲೇ ನಿಲ್ಲುತ್ತದೆ. ಆರ್‌ಪಿಎಂ ಮಾತ್ರ ಚೂರು ಇಳಿಯುತ್ತದೆ. ಆದರೆ ಬೇಸಿಗೆಯಲ್ಲಿ ನೀರಿಳಿದಾಗ ಮುಳುಗಿದ ಮರಗಳ ಬೊಡ್ಡೆಗಳು ಮೇಲ್ಮೈಗೆ ಹತ್ತಿರವಾಗುತ್ತವೆ. ಬೊಡ್ಡೆಗೆ ಬಡಿದರೆ ಅಲ್ಯೂಮಿನಿಯಂ ರೆಕ್ಕೆ ತಾನು ಬಾಗಿ ಗೇರು ಉಳಿಸುತ್ತದೆ. ಸ್ಟೀಲು ಪೆಟ್ಟನ್ನು ಶಾಫ್ಟಿಗೇ ದಾಟಿಸುತ್ತದೆ. ಬೆಲೆಯೂ ದುಬಾರಿ. ಇಲ್ಲಿನ ನೀರಿಗೆ ನಮ್ಮ ಓಟು ಅಲ್ಯೂಮಿನಿಯಂ 11ಕ್ಕೆ.

ಹೊಸದನ್ನು ಕೊಳ್ಳುವ ಮೊದಲು ಇದ್ದದ್ದನ್ನೇ ಪರೀಕ್ಷಿಸಿ. ಎಂಜಿನ್ ಕೂಗುತ್ತದೆ, ಬೋಟು ಮುಂದೆ ಹೋಗದು ಎಂದರೆ ಪ್ರೊಪೆಲ್ಲರಿನ ನಡುಭಾಗದ, ಅಂದರೆ ಹಬ್ಬಿನ, ಒಳಗಿನ ರಬ್ಬರ್ ಜಾರಿರಬಹುದು. ಒಳಹಬ್ಬಿನಿಂದ ಹೊರಹಬ್ಬಿಗೆ ಬಣ್ಣದಲ್ಲಿ ಒಂದು ಗೆರೆ ಎಳೆದು ಓಡಿಸಿ. ಗೆರೆ ತುಂಡಾಗಿ ಸರಿದಿದ್ದರೆ ತಪ್ಪು ಪಿಚ್ಚಿನದಲ್ಲ. ತಿರುವಿನಲ್ಲಷ್ಟೇ ಕೂಗಿದರೆ ಎಂಜಿನ್ ಎತ್ತರ ನೋಡಿ: ಪ್ರೊಪೆಲ್ಲರ್ ಮೇಲಿನ ಅಗಲ ತಟ್ಟೆ ಬೋಟಿನ ತಳದ ಮಟ್ಟಕ್ಕೆ, ಇಲ್ಲವೇ ಒಂದಿಂಚು ಮೇಲಕ್ಕಿರಬೇಕು. ಅದಕ್ಕಿಂತ ಎತ್ತರವಾದರೆ ಗಾಳಿ ಎಳೆಯುತ್ತದೆ. ವೇಗ ಬಿದ್ದಾಗ ಪೆಟ್ರೋಲ್ ಪೈಪಿನ ಬಲ್ಬ್ ಒತ್ತಿ; ಚೇತರಿಸಿಕೊಂಡರೆ ದೋಷ ಪೈಪಿನಲ್ಲೋ ಫ್ಯೂಯಲ್ ಪಂಪಿನಲ್ಲೋ ಇದೆ.

ಬದಲಿಸುವಾಗ ಪ್ಲಗ್ ವಯರ್ ಕಿತ್ತಿಡಿ. ರೆಕ್ಕೆಗೂ ತಟ್ಟೆಗೂ ನಡುವೆ ಮರದ ತುಂಡು ಕೊಟ್ಟು ನಟ್ ಬಿಚ್ಚಿ. ಒಳಗಿನ ಥ್ರಸ್ಟ್ ವಾಷರ್ ಯಾವ ಮುಖವಾಗಿತ್ತೋ ಹಾಗೇ ಕೂರಲಿ, ಶಾಫ್ಟಿಗೆ ಮೆರೈನ್ ಗ್ರೀಸ್, ಕಾಟರ್ ಪಿನ್ ಹೊಸದು. ಶಾಫ್ಟಿಗೆ ಮೀನು ಬಲೆಯ ನೂಲು ಸುತ್ತಿದ್ದರೆ ಅದು ಆಯಿಲ್ ಸೀಲ್ ಕೊಯ್ದಿರಬಹುದು. ಗೇರ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಹಾಕಿಸದೆ ನೀರಿಗಿಳಿಸಬೇಡಿ.