ನಾಟಕಕ್ಕೆ ಮೂರೂವರೆ ಸ್ಟಾರ್, ವಿಮರ್ಶೆಗಳಿಗೆ ಒಂದು

ನಮ್ಮ ಹಾಸನದ ಒಂದು ರಂಗತಂಡ ಈ ವರ್ಷ ಆಡಿದ ನಾಟಕಗಳನ್ನು ನೋಡಿದೆ. ಅವುಗಳ ಬಗ್ಗೆ ಪೇಪರಿನಲ್ಲಿ, ಫೇಸ್‌ಬುಕ್ಕಿನಲ್ಲಿ ಬಂದದ್ದನ್ನೂ ಓದಿದೆ. ನಾಟಕಗಳಿಗೆ ಧಾರಾಳವಾಗಿ ಮೂರೂವರೆ ಸ್ಟಾರ್ ಕೊಡಬಹುದು. ವಿಮರ್ಶೆಗಳಿಗೆ ಒಂದು ಕೊಟ್ಟರೆ ಅದೇ ಜಾಸ್ತಿ. ತಂಡದ ಹೆಸರು ಬರೆಯುವುದಿಲ್ಲ. ಇಲ್ಲಿಯವರಿಗೆ ಹೇಗೂ ಗೊತ್ತಾಗುತ್ತದೆ, ಮತ್ತೆ ಇದು ಆ ಒಂದು ತಂಡದ ಕಥೆಯೂ ಅಲ್ಲ.

ದೊಡ್ಡದನ್ನೇ ಮೊದಲು ತೆಗೆದುಕೊಳ್ಳೋಣ. ಗಿರೀಶ ಕಾರ್ನಾಡರ 'ತುಘಲಕ್'. ಹಗಲು ಕೆಲಸ ಮಾಡಿ ಸಂಜೆ ರಿಹರ್ಸಲ್‌ಗೆ ಬರುವ ಹವ್ಯಾಸಿಗಳು ಇದಕ್ಕೆ ಕೈ ಹಾಕಿದ್ದೇ ಧೈರ್ಯ. 13 ದೃಶ್ಯ, ತುಂಬಾ ಪಾತ್ರಗಳು, ಮಾತೋ ಮಾತು. ಸಾಲದ್ದಕ್ಕೆ ಈ ಪಾತ್ರಕ್ಕೇ ಹೆಸರಾದ ನಟ ಸಿ.ಆರ್. ಸಿಂಹ ಅವರ ತುಘಲಕ್ ನೋಡಿದ ಹಿರಿಯರು ಪ್ರತಿ ಊರಿನಲ್ಲೂ ಒಬ್ಬರಿಬ್ಬರು ಇದ್ದೇ ಇರುತ್ತಾರೆ, ಅವರು ಮುಂದಿನ ಸಾಲಿನಲ್ಲೇ ಕೂತಿರುತ್ತಾರೆ, ಯಾರು ಆ ಪಾತ್ರ ಮಾಡಿದರೂ ಮುಖ ಗಂಟು ಹಾಕಿಕೊಂಡೇ ನೋಡುತ್ತಾರೆ.

ಚೆನ್ನಾಗಿದ್ದದ್ದು ಅಜೀಜ. ಬ್ರಾಹ್ಮಣನ ವೇಷ ಹಾಕಿ ಸುಲ್ತಾನನ ಮೇಲೇ ದಾವೆ ಹೂಡಿ ಗೆಲ್ಲುವ ಅಗಸ ಅವನು. ಆ ಪಾತ್ರ ಮಾಡಿದ ಹುಡುಗನಿಗೆ ಜನರನ್ನು ನಗಿಸುವುದಷ್ಟೇ ಅಲ್ಲ, ನಗು ಎಲ್ಲಿ ನಿಲ್ಲಿಸಬೇಕು ಅನ್ನುವುದೂ ಗೊತ್ತಿತ್ತು. ಕೊನೆಯಲ್ಲಿ ಸುಲ್ತಾನನ ಮುಂದೆ ಸಿಕ್ಕಿಬಿದ್ದಾಗ ಅವನು ಹೆದರುವುದಿಲ್ಲ, ವ್ಯಾಪಾರಕ್ಕೆ ಕೂತವನ ಹಾಗೆ ಮಾತಾಡುತ್ತಾನೆ. ಅಲ್ಲಿ ಹಾಲ್‌ನಲ್ಲಿ ಒಬ್ಬರೂ ಮೊಬೈಲ್ ನೋಡಲಿಲ್ಲ. ದೌಲತಾಬಾದ್ ಕೋಟೆಯ ಮೇಲೆ ಇಬ್ಬರು ಕಾವಲುಗಾರರು ರಾತ್ರಿ ಮಾತಾಡುವ ದೃಶ್ಯ ಕೂಡ ಬಹಳ ಚೆನ್ನಾಗಿತ್ತು. ಒಂದೇ ಸ್ಪಾಟ್ ಲೈಟು, ಒಂದು ಎತ್ತರದ ಲೆವೆಲ್, ಅಂದರೆ ರಂಗದ ಮೇಲಿಡುವ ಮರದ ಕಟ್ಟೆ, ಬೇರೇನಿಲ್ಲ.

ಕೆಟ್ಟದ್ದು ಸೌಂಡು. ತುಘಲಕ್ ಪಾತ್ರಧಾರಿ ಒಳ್ಳೆಯ ನಟ, ಕಣ್ಣು, ನಡಿಗೆ ಎಲ್ಲ ಸರಿ. ಆದರೆ ಉದ್ದದ ಮಾತು ಬಂದರೆ ವಾಕ್ಯದ ಕೊನೆಯ ಪದಗಳನ್ನು ನುಂಗುತ್ತಾರೆ. ಕನ್ನಡದಲ್ಲಿ ಕ್ರಿಯಾಪದ ಕೊನೆಯಲ್ಲೇ ಬರುವುದಲ್ವಾ, ಅದು ಕೇಳದಿದ್ದರೆ ಸುಲ್ತಾನ ಕೊಲ್ಲು ಅಂದನೋ ಬೇಡ ಅಂದನೋ ತಿಳಿಯುವುದಿಲ್ಲ. ಮೇಲಿಂದ ಇಳಿಬಿಟ್ಟ ಮೈಕುಗಳು ಮಾತಿಗಿಂತ ಜಾಸ್ತಿ ಮರದ ಲೆವೆಲ್‌ಗಳ ಮೇಲೆ ಓಡಾಡುವ ಕಾಲಿನ ಸದ್ದನ್ನೇ ಹಿಡಿಯುತ್ತಿದ್ದವು. ಅಮೀರರು, ಅಂದರೆ ಆಸ್ಥಾನದ ಸರದಾರರು, ಪಿತೂರಿ ಮಾಡುವ ದೃಶ್ಯದಲ್ಲಿ ಅರ್ಧ ಪಿತೂರಿ ಹತ್ತನೇ ಸಾಲಿಗೆ ತಲುಪಲೇ ಇಲ್ಲ. ಇನ್ನೊಂದು ತೊಂದರೆ, ಪ್ರತಿ ದೃಶ್ಯ ಮುಗಿದ ಮೇಲೂ ಕತ್ತಲು. 13 ದೃಶ್ಯಕ್ಕೆ 12 ಸಲ ಕತ್ತಲು, ಆ ಕತ್ತಲಲ್ಲಿ ಸಿಂಹಾಸನ ಎಳೆಯುವ ಸದ್ದು, ಯಾರದೋ ಕಾಲಿಗೆ ಏನೋ ತಗಲಿ ಅಯ್ಯೋ ಅನ್ನುವುದು. ಪ್ರೇಕ್ಷಕರು ಪ್ರತಿ ಸಲವೂ ನಾಟಕದಿಂದ ಹೊರಗೆ ಬಂದು ಮತ್ತೆ ಒಳಗೆ ಹೋಗಬೇಕು.

ಈಗ ವಿಮರ್ಶೆಗೆ ಬರೋಣ. ಒಂದು ಪೇಪರಿನ ಪುರವಣಿಯಲ್ಲಿ ಅರ್ಧ ಪುಟದ ಲೇಖನ ಬಂತು. ನಾಟಕ ಬರೆದದ್ದು 1964ರಲ್ಲಿ, ನೆಹರೂ ಯುಗದ ಭ್ರಮನಿರಸನ, 1327ರ ಹೊತ್ತಿಗೆ ದಿಲ್ಲಿಯಿಂದ ದೌಲತಾಬಾದಿಗೆ ರಾಜಧಾನಿ ಬದಲಾದದ್ದು, ಬೆಳ್ಳಿ ನಾಣ್ಯದ ಬೆಲೆಗೆ ತಾಮ್ರದ ನಾಣ್ಯ ತಂದದ್ದು, ಆಮೇಲೆ 2016ರ ನೋಟು ರದ್ದತಿ. ಇದರಲ್ಲಿ ಸುಳ್ಳು ಯಾವುದೂ ಇಲ್ಲ. ಆದರೆ ಇಷ್ಟನ್ನೂ ಹಾಸನಕ್ಕೆ ಬರದೆ, ಟಿಕೆಟ್ ತೆಗೆದುಕೊಳ್ಳದೆ, ಮನೆಯಲ್ಲೇ ಕೂತು ಬರೆಯಬಹುದು. ತುಘಲಕನ ಕಥೆಯಲ್ಲಿ ನೆಹರೂ ಕಾಲ ಕಾಣುತ್ತದೆ ಅನ್ನುವ ಮಾತನ್ನಂತೂ ಈ ನಾಟಕದ ಬಗ್ಗೆ ಬರೆಯುವ ಎಲ್ಲರೂ ನನಗೆ ಬುದ್ಧಿ ಬಂದಾಗಿನಿಂದ ಹೇಳುತ್ತಲೇ ಇದ್ದಾರೆ. ನೋಟು ರದ್ದತಿಯ ವಿಷಯ ಇನ್ನೂ ತಮಾಷೆ. ಈ ಪ್ರಯೋಗದಲ್ಲಿ ಅದರ ಕಡೆ ಬೆರಳು ತೋರಿಸುವ ಒಂದೇ ಒಂದು ಕ್ಷಣವೂ ಇರಲಿಲ್ಲ. ನಿರ್ದೇಶಕರು ಕರಪತ್ರದಲ್ಲಿ ಒಂದು ಸಾಲು ಬರೆದಿದ್ದರು, ಅದು ನೇರವಾಗಿ ವಿಮರ್ಶೆಗೆ ಹೋಗಿ ಕೂತಿತು.

ನಟರ ಪಾಲಿಗೆ ಬಂದದ್ದು ಕೊನೆಯ ಒಂದು ಸಾಲು. ಎಲ್ಲರೂ ಪಾತ್ರಕ್ಕೆ ಜೀವ ತುಂಬಿದರಂತೆ. ಬೆಳಕು ನಾಟಕಕ್ಕೆ ಮೆರುಗು ಕೊಟ್ಟಿತಂತೆ. ಸಂಗೀತ ಪೂರಕವಾಗಿತ್ತಂತೆ. ಈ ಮೂರು ಮಾತನ್ನು ಯಾವ ನಾಟಕದ ಕೆಳಗೆ ಬೇಕಾದರೂ ಅಂಟಿಸಿ, ಸರಿಯಾಗಿ ಕೂರುತ್ತವೆ. ತಿಂಗಳುಗಟ್ಟಲೆ ಸಂಜೆಗಳನ್ನು ಸುರಿದು ಪಾತ್ರ ಕಲಿತ ಹುಡುಗನಿಗೆ ಅವನು ಯಾವ ಜಾಗದಲ್ಲಿ ಗೆದ್ದ, ಎಲ್ಲಿ ಎಡವಿದ ಅಂತ ಒಬ್ಬರಾದರೂ ಹೇಳಬೇಕಲ್ವಾ? ಆ ಅಜೀಜನ ಹೆಸರೂ ಆ ಅರ್ಧ ಪುಟದಲ್ಲಿ ಇರಲಿಲ್ಲ.

ಸ್ಥಳೀಯ ಪೇಪರುಗಳದ್ದು ಇನ್ನೊಂದು ದಾರಿ. ದೀಪ ಬೆಳಗಿದವರು ಯಾರು, ರಂಗಭೂಮಿ ಉಳಿಸಬೇಕು ಅಂತ ಕರೆ ಕೊಟ್ಟವರು ಯಾರು, ವೇದಿಕೆಯಲ್ಲಿ ಉಪಸ್ಥಿತರಿದ್ದವರು ಯಾರ್ಯಾರು. ಫೋಟೋದಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ. ನಂತರ ನಾಟಕ ಪ್ರದರ್ಶನ ನಡೆಯಿತು ಅಂತ ಕೊನೆಯಲ್ಲಿ ಅರ್ಧ ಸಾಲು. ವರದಿಗಾರರನ್ನು ಬೈಯುವಂತಿಲ್ಲ, ಪಾಪ, ಸುದ್ದಿ ಕಳಿಸುವ ಹೊತ್ತು ಮೀರುತ್ತದೆ, ಅವರು ಭಾಷಣ ಮುಗಿದ ಕೂಡಲೇ ಓಡಬೇಕು.

ಎರಡನೆಯ ನಾಟಕ ಕಂಪನಿ ಶೈಲಿಯ, ಅಂದರೆ ಹಳೆಯ ವೃತ್ತಿ ನಾಟಕ ಕಂಪನಿಗಳ ಶೈಲಿಯ ಹಾಸ್ಯ. ಬಣ್ಣದ ಪರದೆ, ಹಾರ್ಮೋನಿಯಂ, ತಬಲಾ, ಹಾಡು. ಜನ ಕಿಕ್ಕಿರಿದಿದ್ದರು. ಇದಕ್ಕೆ ಬಂದ ಎರಡು ಬರಹಗಳೂ ಮೂಗು ಮುರಿದವು. ಇನ್ನೂ ಕಂಪನಿಯ ಗುಂಗಿನಲ್ಲೇ ಇದ್ದಾರೆ, ಕಥೆಗೆ ಸಂಬಂಧವಿಲ್ಲದ ಕಾಮಿಕ್ ದೃಶ್ಯಗಳು ನಡುವೆ ಬಂದು ಓಟಕ್ಕೆ ಅಡ್ಡಿ ಅನ್ನುವ ಅರ್ಥದಲ್ಲಿ. ನನಗೆ ನಿಜವಾಗಿ ಬೇಜಾರಾದದ್ದು ಇದನ್ನು ಓದಿ. ಆ ಕಾಮಿಕ್ ದೃಶ್ಯ ಅಲ್ಲಿ ಸುಮ್ನೆ ಬಂದು ಕೂತದ್ದಲ್ಲ. ಮುಂದಿನ ಪರದೆ ಬಿಟ್ಟು ಅದರ ಎದುರು ಇಬ್ಬರು ಹಾಸ್ಯ ಮಾಡುತ್ತಿರುವಾಗ, ಹಿಂದೆ ಕೆಲಸದವರು ದರ್ಬಾರಿನ ಸೀನ್ ಸಜ್ಜು ಮಾಡುತ್ತಿರುತ್ತಾರೆ. ಹಾಸ್ಯ ಮುಗಿಯುತ್ತದೆ, ಪರದೆ ಏಳುತ್ತದೆ, ದರ್ಬಾರು ರೆಡಿ. ಪ್ರೇಕ್ಷಕ ಒಂದು ಕ್ಷಣವೂ ಕತ್ತಲಲ್ಲಿ ಕಾಯುವುದಿಲ್ಲ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯಂಥವು ಊರೂರು ತಿರುಗಿ ಹೊಟ್ಟೆ ಹೊರೆದದ್ದು ಇಂಥ ಲೆಕ್ಕಾಚಾರದ ಮೇಲೆ.

ಇಲ್ಲೊಂದು ಸ್ವಾರಸ್ಯ ಇದೆ. 'ತುಘಲಕ್' ಕಟ್ಟಿರುವುದೂ ಇದೇ ಲೆಕ್ಕದ ಮೇಲೆ. ಪಾರ್ಸಿ ಕಂಪನಿಗಳ ನಾಟಕದಲ್ಲಿ ಮುಂದಿನ ಪರದೆಯ ಎದುರಿನ ದೃಶ್ಯ ಒಂದು, ಇಡೀ ರಂಗ ತುಂಬುವ ದೃಶ್ಯ ಒಂದು, ಹೀಗೆ ಒಂದಾದ ಮೇಲೊಂದು ಬರುತ್ತಿತ್ತು, ಆ ಮಾದರಿಯನ್ನೇ ತೆಗೆದುಕೊಂಡೆ ಅಂತ ಕಾರ್ನಾಡರೇ ಬರೆದಿದ್ದಾರೆ. ಅಜೀಜ, ಅವನ ಜೊತೆಗಾರ ಆಜಮ ಇಬ್ಬರೂ ಆ ಹಳೆಯ ಹಾಸ್ಯ ಜೋಡಿಯ ಮೊಮ್ಮಕ್ಕಳು. ಬರೆಯುತ್ತಾ ಬರೆಯುತ್ತಾ ಮುಂದಿನ ಪರದೆಯವರು ಬೆಳೆದು ಅರಮನೆಯ ಒಳಗೇ ನುಗ್ಗಿಬಿಟ್ಟರು ಅನ್ನುವುದೇ ನಾಟಕದ ಮಜಾ. ಅಂದರೆ ಒಂದು ನಾಟಕದ ರಚನೆಯನ್ನು ಹೊಗಳಿದ ವಿಮರ್ಶಕರು, ಇನ್ನೊಂದು ನಾಟಕದಲ್ಲಿ ಅದೇ ರಚನೆ ಕಂಡಾಗ ಅಗ್ಗದ್ದು ಅಂದರು.

ಆ 12 ಕತ್ತಲುಗಳ ಕಾರಣವೂ ಇಲ್ಲೇ ಇದೆ. ನಿರ್ದೇಶಕರು ಅಜೀಜನ ದೃಶ್ಯಗಳನ್ನೂ ಪೂರ್ತಿ ರಂಗದ ಮೇಲೆ, ಲೆವೆಲ್, ಕಂಬ, ಡೇರೆ ಎಲ್ಲ ಹಾಕಿ ಮಾಡಿಸಿದರು. ಹಾಗಾಗಿ ಪ್ರತಿ ಸಲವೂ ಎಲ್ಲವನ್ನೂ ಎತ್ತಿಡಬೇಕಾಯಿತು. ಅದೇ ತಂಡ ಕಂಪನಿ ನಾಟಕದಲ್ಲಿ ಪರದೆಯ ಕೆಲಸವನ್ನು ಅಷ್ಟು ಚೊಕ್ಕವಾಗಿ ಮಾಡಿದೆ! ಅಲ್ಲಿ ಬಲ್ಲದ್ದನ್ನು ಇಲ್ಲಿಗೆ ತರಲಿಲ್ಲ. ಒಂದು ಮಾಮೂಲಿ ಕಪ್ಪು ಪರದೆ ರಂಗದ ನಡುವೆ ಓಡಿಸಿದ್ದರೆ ಅರ್ಧ ಗಂಟೆ ಉಳಿಯುತ್ತಿತ್ತು ಅಂತ ನನ್ನ ಅಂದಾಜು. ವಿಮರ್ಶಕ ಹೇಳಬೇಕಾದದ್ದು ಇಂಥ ಮಾತು. ಹೇಳಿದ್ದರೆ ಮುಂದಿನ ಪ್ರಯೋಗಕ್ಕೆ ತಂಡಕ್ಕೂ ಉಪಯೋಗ, ನಮಗೂ ಬಸ್ಸು ಸಿಗುತ್ತದೆ.

ಕಂಪನಿ ನಾಟಕವನ್ನು ಪೂರ್ತಿ ಒಪ್ಪಿಕೊಂಡೆ ಅಂತಲ್ಲ. ದಪ್ಪಗಿರುವ ಹೆಂಗಸಿನ ಮೇಲೆ ಜೋಕು, ತೊದಲುವವನ ಮೇಲೆ ಜೋಕು, ಇವನ್ನು ಇನ್ನೂ ಎಷ್ಟು ದಿನ ಎಳೆಯುತ್ತಾರೋ. ನನ್ನ ಪಕ್ಕದಲ್ಲಿದ್ದ ಕಾಲೇಜು ಹುಡುಗಿಯರು ಅಲ್ಲಿ ನಗಲೇ ಇಲ್ಲ. ವಿಚಿತ್ರ ಅಂದರೆ, ಶೈಲಿ ಹಳೆಯದು ಅಂತ ಬೈದ ಎರಡೂ ಬರಹಗಳಲ್ಲಿ ಈ ಜೋಕುಗಳ ಬಗ್ಗೆ ಒಂದಕ್ಷರವೂ ಇಲ್ಲ.

ಬೇಸಿಗೆ ಶಿಬಿರದ ಮಕ್ಕಳ ನಾಟಕವೂ ಒಂದಿತ್ತು. ಮುದ್ದಾಗಿತ್ತು, ಚುರುಕಾಗಿತ್ತು, ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಯಾರೂ ಬರೆಯಲಿಲ್ಲ. ಮಕ್ಕಳ ನಾಟಕಕ್ಕೆ ವಿಮರ್ಶಕರು ಬರುವುದು ಅವರ ಮಗು ಅದರಲ್ಲಿದ್ದರೆ ಮಾತ್ರ ಅಂತ ಕಾಣುತ್ತದೆ.

ಇನ್ನೊಂದು ತಕರಾರು. ಬರೆಯುವವರೆಲ್ಲ ನೋಡುವುದು ಮೊದಲ ಪ್ರಯೋಗವನ್ನೇ. ಮೊದಲ ದಿನ ಯಾವ ನಾಟಕವೂ ಪೂರ್ತಿ ಸಿದ್ಧ ಇರುವುದಿಲ್ಲ, ಅದು ನಾಟಕ ಮಾಡಿದ ಎಲ್ಲರಿಗೂ ಗೊತ್ತು. 1985ರಿಂದ ಊರೂರು ಸುತ್ತುತ್ತಿರುವ ಹೆಗ್ಗೋಡಿನ ನೀನಾಸಂ ತಿರುಗಾಟ, 1997ರಿಂದ ಹೊರಟ ಸಾಣೇಹಳ್ಳಿಯ ಶಿವಸಂಚಾರ, ಈ ಸಂಚಾರಿ ತಂಡಗಳ ನಾಟಕಗಳನ್ನು ತಿರುಗಾಟದ ಶುರುವಿನಲ್ಲಿ ಒಮ್ಮೆ, ಕೊನೆಗೆ ಒಮ್ಮೆ ನೋಡಿ. ಅದೇ ನಟರು, ಅದೇ ಮಾತು, ಆದರೆ ನಾಟಕ ಬೇರೆಯೇ ಆಗಿರುತ್ತದೆ. ಒಂದೊಂದು ಊರಿನ ಜನ ಒಂದೊಂದು ಕಡೆ ನಗುತ್ತಾರೆ, ನಟರು ಅದನ್ನು ಕೇಳಿಸಿಕೊಂಡು ತಿದ್ದಿಕೊಳ್ಳುತ್ತಾ ಹೋಗುತ್ತಾರೆ. ನಮ್ಮ ತಂಡದ 'ತುಘಲಕ್' ಕೂಡ ಚಿಕ್ಕಮಗಳೂರಿನ ಕುವೆಂಪು ಕಲಾಮಂದಿರಕ್ಕೆ ಹೋಗುವ ಹೊತ್ತಿಗೆ ಎಷ್ಟೋ ಸುಧಾರಿಸಿತ್ತು. ಸುಲ್ತಾನನ ಮಲತಾಯಿಯ ದೃಶ್ಯ ಹಾಸನದಲ್ಲಿ ಬರೀ ಕೂಗಾಟ, ಅಲ್ಲಿ ಆ ಹೆಣ್ಣುಮಗಳು ದನಿ ಇಳಿಸಿದರು, ಇಡೀ ದೃಶ್ಯದ ತೂಕವೇ ಬದಲಾಯಿತು. ಅದನ್ನು ನೋಡಿ ಬರೆದವರು ಯಾರೂ ಇಲ್ಲ. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಇವತ್ತಿಗೂ ಸಿಗುವುದು ಆ ಮೊದಲ ದಿನದ ನೆಹರೂ ಲೇಖನವೇ.

ನಮ್ಮ ಜಿಲ್ಲೆಯಲ್ಲಿ ನಾಟಕ ನೋಡುವುದು ಹೇಗೆ ಅಂತ ಗೊತ್ತಿಲ್ಲದವರು ಇಲ್ಲ. ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆ ಹಳ್ಳಿಯಲ್ಲಿ ಕುರುಕ್ಷೇತ್ರ ಆಡಿದರೆ ಒಮ್ಮೆ ಹೋಗಿ ಕೂರಿ. ಪಾತ್ರಧಾರಿಗಳೇ ಕೈಯಿಂದ ದುಡ್ಡು ಹಾಕಿ, ಡ್ರಾಮಾ ಮೇಷ್ಟ್ರನ್ನು ಕರೆಸಿ, ಸೀನರಿ ಬಾಡಿಗೆಗೆ ತಂದು, ಬೆಳಗಿನ ಜಾವದವರೆಗೆ ಆಡುತ್ತಾರೆ. ಕೆಳಗೆ ಚಾಪೆ ಮೇಲೆ ಕೂತ ಅಜ್ಜನಿಗೆ ಪ್ರತಿ ಪದ್ಯವೂ ಬಾಯಿಪಾಠ. ದುರ್ಯೋಧನ ಶ್ರುತಿ ಬಿಟ್ಟರೆ ಅಲ್ಲೇ ಗೊಣಗುತ್ತಾನೆ, ಹೋದ ವರ್ಷದ ದುರ್ಯೋಧನನ ಜೊತೆ ಹೋಲಿಸುತ್ತಾನೆ, ಚೆನ್ನಾಗಿ ಹಾಡಿದರೆ ಒನ್ಸ್ ಮೋರ್ ಅಂತ ಕೂಗುತ್ತಾನೆ. ಯಾವ ಪದ್ಯ, ಯಾವ ಎತ್ತುಗಡೆ, ಎಲ್ಲಿ ಉಸಿರು ಸಾಲಲಿಲ್ಲ, ಎಲ್ಲದಕ್ಕೂ ಅವನ ಹತ್ತಿರ ಲೆಕ್ಕ ಇದೆ. ಹಾರ ಹಾಕುವುದಕ್ಕೆ ನಾಟಕವನ್ನೇ ನಿಲ್ಲಿಸುವ ಪದ್ಧತಿ ನನಗೆ ಕಿರಿಕಿರಿ, ಅದು ಬೇರೆ ಮಾತು. ಆದರೆ ಆ ಅಜ್ಜ ಪೇಪರಿಗೆ ಬರೆದರೆ ಮೊದಲ ಓದುಗ ನಾನೇ.

ನಮ್ಮ ಬರೆಯುವವರು ಯಾಕೆ ಹೀಗೆ ಅಂದರೆ, ಊರು ಚಿಕ್ಕದು. ವಿಮರ್ಶೆ ಬರೆಯುವ ಮೇಷ್ಟ್ರು ತಾವೂ ನಾಟಕ ಬರೆದಿರುತ್ತಾರೆ, ಅದನ್ನು ಇದೇ ತಂಡ ಆಡಲಿ ಅಂತ ಆಸೆ ಇರುತ್ತದೆ. ನಿರ್ದೇಶಕರು ನಾಳೆ ಬೆಳಿಗ್ಗೆ ಹೋಟೆಲ್ಲಿನಲ್ಲಿ ಎದುರು ಸಿಗುತ್ತಾರೆ, ಮುಖ ತಿರುಗಿಸಿದರೆ ಕಾಫಿ ಇಳಿಯುವುದಿಲ್ಲ. ಹಾಗಾಗಿ ಪಠ್ಯದ ಬಗ್ಗೆ ಬರೆಯುವುದು ಕ್ಷೇಮ, ಕಾರ್ನಾಡರಂತೂ ಬಂದು ಕೇಳುವುದಿಲ್ಲ. ತಂಡದವರೂ ಕಡಿಮೆ ಇಲ್ಲ. ಮೈಕ್ ವಿಷಯ ಒಬ್ಬರು ಫೇಸ್‌ಬುಕ್ಕಿನಲ್ಲಿ ಮೆತ್ತಗೇ ಬರೆದದ್ದಕ್ಕೆ ಕೆಳಗೆ ಮೂವತ್ತು ಜನ ಮುಗಿಬಿದ್ದರು, ನೀವು ಮಾಡಿ ತೋರಿಸಿ ಅಂತ. ಅವರು ಪೋಸ್ಟನ್ನೇ ತೆಗೆದರು. ಆಮೇಲೆ ಹೊಗಳಿಕೆಯ ಸಾಲುಗಳನ್ನು ಮಾತ್ರ ಆರಿಸಿ ಫ್ಲೆಕ್ಸ್ ಹಾಕಿದರೆ ಏನು ಬಂತು?

ಹೋಗುವವರಿಗೆ ಒಂದಿಷ್ಟು ಮಾಹಿತಿ. ಟಿಕೆಟ್ 100 ರೂಪಾಯಿ, ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಕರಪತ್ರದಲ್ಲಿ ಆರೂವರೆ ಅಂತಿದ್ದರೂ ಭಾಷಣ ಮುಗಿದು ನಾಟಕ ಶುರುವಾಗುವುದು ಏಳೂಕಾಲರ ಮೇಲೆ. ಮೂರರಿಂದ ಆರನೇ ಸಾಲಿನ ನಡುವೆ ಕೂರಿ, ಪಕ್ಕದ ಸೀಟುಗಳು ಬೇಡ, ಲೆವೆಲ್ ಅಡ್ಡ ಬಂದು ಅರ್ಧ ರಂಗ ಕಾಣುವುದಿಲ್ಲ. ಬೇಲೂರು, ಅರಸೀಕೆರೆ ಕಡೆ ವಾಪಸ್ ಹೋಗಬೇಕಾದವರು ಕೊನೆಯ ಬಸ್ಸಿನ ಸಮಯ ಮೊದಲೇ ಕೇಳಿಕೊಳ್ಳಿ, 'ತುಘಲಕ್' ಬೇಗ ಮುಗಿಯುವ ನಾಟಕ ಅಲ್ಲ. ನೋಡುವ ಮೊದಲು ಯಾವ ವಿಮರ್ಶೆಯನ್ನೂ ಓದಬೇಡಿ, ಕರಪತ್ರವನ್ನೂ ಮಡಚಿ ಜೇಬಿಗೆ ಹಾಕಿಕೊಳ್ಳಿ.

ಮುಂದಿನ ಪ್ರಯೋಗ ಸಕಲೇಶಪುರದಲ್ಲಿ ಅಂತ ಕೇಳಿದೆ. ನನಗೆ ಆವತ್ತು ಹೋಗಲು ಆಗುವುದಿಲ್ಲ. ಯಾರಾದರೂ ಹೋದರೆ ಮೈಕ್ ಸರಿ ಮಾಡಿದ್ದಾರಾ, ಕತ್ತಲು ಕಡಿಮೆ ಆಗಿದೆಯಾ, ಸುಲ್ತಾನನ ಮಾತು ಕೊನೆಯವರೆಗೂ ಕೇಳಿಸಿತಾ, ಇಷ್ಟು ಬರೀರಿ. ನೆಹರೂ ಬಗ್ಗೆ ಬೇಡ.